ಒಬ್ಬರಿಗಾಗಿ ಒಂದು ಕಾರ್ಡು

ಕೈಯಿಂದ ಮಾಡಿದ ಶುಭಾಶಯ ಪತ್ರವೊಂದನ್ನು ಪದರ ಪದರವಾಗಿ ಬಿಡಿಸಿ ನೋಡಿದರೆ, ಅದರಲ್ಲಿ ಮಾಡಿದವರದ್ದು ಅಂತ ಏನೂ ಇಲ್ಲವಲ್ಲ ಅನಿಸಬಹುದು. ಹೂಬಳ್ಳಿಯ ಕಾಗದವನ್ನು ಯಾರೋ ಮುದ್ರಿಸಿದ್ದಾರೆ. ಸ್ಟ್ಯಾಂಪಿನ ಚಿತ್ರವನ್ನು ಇನ್ಯಾರೋ ಬರೆದಿದ್ದಾರೆ. ಶಾಯಿ, ದಾರ, ದಪ್ಪ ಹಾಳೆ ಎಲ್ಲವೂ ಅಂಗಡಿಯಿಂದ ಬಂದವು. ಆದರೂ ಅದೇ ಕಾಗದದ ಕಟ್ಟನ್ನೂ ಅದೇ ಸ್ಟ್ಯಾಂಪುಗಳನ್ನೂ ನಾಲ್ವರ ಮುಂದೆ ಇಟ್ಟರೆ ನಾಲ್ಕು ಬಗೆಯ ಕಾರ್ಡುಗಳು ಹುಟ್ಟುತ್ತವೆ. ಮಾಲೆ ಕಟ್ಟುವವರು ಹೂವು ಬೆಳೆದಿರುವುದಿಲ್ಲ. ಕನಕಾಂಬರದ ಪಕ್ಕ ಮರುಗ ಬರಬೇಕೋ ಮಲ್ಲಿಗೆ ಬರಬೇಕೋ ಎನ್ನುವುದು ಮಾತ್ರ ಅವರಿಗೇ ಗೊತ್ತು. ಕಾರ್ಡು ಮಾಡುವವರ ಜಾಣ್ಮೆಯೂ ಅಲ್ಲೇ ಇದೆ. ಯಾವುದನ್ನು ಆಯಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬ ಈ ಮೂರು ತೀರ್ಮಾನಗಳನ್ನು ಕಾರ್ಡು ಪಡೆಯುವ ಒಬ್ಬ ವ್ಯಕ್ತಿಯನ್ನು ಕಣ್ಣೆದುರು ಇಟ್ಟುಕೊಂಡು ತೆಗೆದುಕೊಳ್ಳಬೇಕು. ಚಿತ್ತಾರದ ಕಾಗದ ಮತ್ತು ಸ್ಟ್ಯಾಂಪುಗಳಿಂದ ಕಾರ್ಡು ಮಾಡುವ ಕಲೆ ನನಗೆ ಇಷ್ಟವಾಗಿರುವುದು ಈ ಕಾರಣಕ್ಕೆ.

ವೂಸ್ಟರ್‌ನ ಕಾಗದದ ಕೆಲಸ

ಇಂಗ್ಲೆಂಡಿನಲ್ಲಿ 1840ರಲ್ಲಿ ದೇಶದೊಳಗೆ ಎಲ್ಲಿಗೇ ಆದರೂ ಒಂದು ಪೆನ್ನಿಗೆ ಕಾಗದ ಕಳಿಸುವ ಅಂಚೆ ವ್ಯವಸ್ಥೆ ಬಂತು. ಅದನ್ನು ಜಾರಿಗೆ ತರಲು ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬರು. ಅವರು 1843ರಲ್ಲಿ ಜಾನ್ ಕಾಲ್ಕಾಟ್ ಹಾರ್ಸ್‌ಲಿ ಎಂಬ ಕಲಾವಿದರಿಂದ ಚಿತ್ರ ಬರೆಸಿ ಕ್ರಿಸ್‌ಮಸ್ ಕಾರ್ಡು ಅಚ್ಚು ಹಾಕಿಸಿ, ಒಂದು ಶಿಲ್ಲಿಂಗ್‌ಗೆ ಮಾರಾಟಕ್ಕೂ ಇಟ್ಟರು. ಹಾಗೆ ಮಾರಾಟಕ್ಕೆ ಬಂದ ಮೊದಲ ಕ್ರಿಸ್‌ಮಸ್ ಕಾರ್ಡು ಅದು. ಗೆರೆಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ, ಬಣ್ಣವನ್ನು ಕೈಯಲ್ಲೇ ತುಂಬಿದ್ದರು.

ಆದರೆ ಕಾಗದದ ಮೇಲೆ ಕಾಗದ ಜೋಡಿಸಿ ಕಾರ್ಡು ಕಟ್ಟುವ ಕ್ರಮವನ್ನು ಒಂದು ಕಸುಬಿನ ಮಟ್ಟಕ್ಕೆ ಬೆಳೆಸಿದವರೆಂದು ನೆನೆಯಬೇಕಾದದ್ದು ಎಸ್ತರ್ ಹೌಲ್ಯಾಂಡ್ ಅವರನ್ನು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಊರಿನವರು. ತಂದೆಯದು ಪುಸ್ತಕ ಮತ್ತು ಲೇಖನ ಸಾಮಗ್ರಿಯ ಅಂಗಡಿ. 1847ರಲ್ಲಿ ಮೌಂಟ್ ಹೋಲ್ಯೋಕ್‌ನಲ್ಲಿ ಓದು ಮುಗಿಸಿ ಮನೆಗೆ ಬಂದ ಹೊತ್ತಿನಲ್ಲಿ ಅವರ ಕೈಗೆ ಇಂಗ್ಲೆಂಡಿನ ಒಂದು ವ್ಯಾಲಂಟೈನ್ ಕಾರ್ಡು ಬಂತು. ಇದಕ್ಕಿಂತ ಚೆನ್ನಾಗಿ ತಾನೇ ಮಾಡಬಲ್ಲೆ ಅಂದುಕೊಂಡ ಅವರು ಹೊರದೇಶದಿಂದ ಲೇಸಿನಂತೆ ಕೊರೆದ ಕಾಗದ, ಹೂವಿನ ಅಚ್ಚುಚಿತ್ರ, ಬಣ್ಣದ ಹಾಳೆ ತರಿಸಿಕೊಂಡು ಮಾದರಿಗಳನ್ನು ತಯಾರಿಸಿದರು. ವ್ಯಾಪಾರಕ್ಕೆ ಊರೂರು ಸುತ್ತುತ್ತಿದ್ದ ಸಹೋದರರೊಬ್ಬರು ಆ ಮಾದರಿಗಳನ್ನು ಜೊತೆಗೆ ಒಯ್ದರು. ಇನ್ನೂರು ಡಾಲರಿನಷ್ಟು ಬೇಡಿಕೆ ಬಂದರೆ ಸಾಕು ಎಂದಿದ್ದವರಿಗೆ ಐದು ಸಾವಿರ ಡಾಲರಿನಷ್ಟು ಬಂತೆಂದು ಇಂದಿಗೂ ಹೇಳುತ್ತಾರೆ. ಆಗ ಅವರು ಗೆಳತಿಯರನ್ನು ಮನೆಗೆ ಕರೆಸಿ ಕೆಲಸ ಹಂಚಿದರು. ಒಬ್ಬರು ಚಿತ್ರ ಕತ್ತರಿಸುವುದು, ಇನ್ನೊಬ್ಬರು ಹಿನ್ನೆಲೆಯ ಕಾಗದ ಹಾಸುವುದು, ಮತ್ತೊಬ್ಬರು ಅಂಟಿಸುವುದು.

ಅವರ ಕಾರ್ಡುಗಳಲ್ಲಿ ನಾನು ಮೆಚ್ಚುವುದು ಒಂದು ಚಿಕ್ಕ ಉಪಾಯವನ್ನು. ಬಿಳಿ ಲೇಸು ಕಾಗದ ಬಿಳಿ ಹಾಳೆಯ ಮೇಲೆ ಕೂತರೆ ಅದರ ಕೊರೆತ ಕಾಣುವುದೇ ಇಲ್ಲ. ಹೌಲ್ಯಾಂಡ್ ಲೇಸಿನ ಅಡಿಗೆ ಕಡು ಬಣ್ಣದ ಹೊಳಪು ಕಾಗದದ ಪುಟ್ಟ ತುಂಡುಗಳನ್ನು ಇಟ್ಟರು. ತೂತುಗಳ ಹಿಂದೆ ಬಣ್ಣ ಬಂದ ಕೂಡಲೇ ಲೇಸಿನ ಕುಸುರಿ ಎದ್ದು ನಿಂತಿತು. ಪದರಗಳ ನಡುವೆ ಮಡಚಿದ ಕಾಗದದ ಸಣ್ಣ ಪಟ್ಟಿಗಳನ್ನು ಇಟ್ಟು ಚಿತ್ರವನ್ನು ಕೊಂಚ ಮೇಲೆತ್ತುವುದೂ ಅವರ ಪದ್ಧತಿಯಾಗಿತ್ತು. 1881ರಲ್ಲಿ ಕಾಯಿಲೆಯ ತಂದೆಯನ್ನು ನೋಡಿಕೊಳ್ಳಲೆಂದು ಅವರು ಉದ್ಯಮವನ್ನು ಅದೇ ಕಸುಬಿನ ಜಾರ್ಜ್ ವಿಟ್ನಿ ಅವರಿಗೆ ಮಾರಿದರು. ಕಾಗದದ ಅಡಿಗೆ ಬಣ್ಣ, ಪದರದ ಅಡಿಗೆ ಎತ್ತರ ಎಂಬ ಆ ಎರಡು ಪಾಠಗಳನ್ನು ಇವತ್ತು ಕಾರ್ಡು ಮಾಡುವ ಪ್ರತಿಯೊಬ್ಬರೂ ಬಳಸುತ್ತಾರೆ.

ಮೊದಲು ಹಾಳೆಯ ಗುಣ ತಿಳಿಯಬೇಕು

ಕಾರ್ಡಿನ ಬುಡ ಗಟ್ಟಿಯಾಗಿರಬೇಕು. ಕಾಗದದ ದಪ್ಪವನ್ನು ಜಿಎಸ್‌ಎಂನಲ್ಲಿ ಹೇಳುತ್ತಾರೆ, ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಎಂದು. ಜೆರಾಕ್ಸ್ ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ ಇರುತ್ತದೆ. ಕಾರ್ಡಿನ ಬುಡಕ್ಕೆ 250ರ ಆಸುಪಾಸಿನದು ಬೇಕು. ಅದಕ್ಕಿಂತ ತೆಳುವಾದದ್ದು ಮೇಜಿನ ಮೇಲೆ ನಿಲ್ಲದೆ ಬಾಗುತ್ತದೆ. ಒಂದು ಎ4 ಹಾಳೆಯನ್ನು ಸರಿಯಾಗಿ ಅರ್ಧ ಮಾಡಿದರೆ 210 ಮಿ.ಮೀ. ಉದ್ದ, 148 ಮಿ.ಮೀ. ಅಗಲದ ಎರಡು ತುಂಡು ಸಿಗುತ್ತವೆ. ಒಂದೊಂದನ್ನೂ ನಡುವೆ, 105 ಮಿ.ಮೀ.ಗೆ, ಮಡಚಿದರೆ ಎರಡು ಕಾರ್ಡು. ಸಿ6 ಅಳತೆಯ ಕವರು 162ಕ್ಕೆ 114 ಮಿ.ಮೀ. ಇರುವುದರಿಂದ ಈ ಕಾರ್ಡು ಅದರೊಳಗೆ ಸಲೀಸಾಗಿ ಕೂರುತ್ತದೆ.

ಮಡಚುವುದು ಸುಲಭ ಎಂದು ತೋರುತ್ತದೆ, ಆದರೆ ಕೆಲಸದ ಹದ ಮೊದಲು ಗೊತ್ತಾಗುವುದೇ ಇಲ್ಲಿ. ಯಂತ್ರದಲ್ಲಿ ತಯಾರಾದ ಕಾಗದದ ನಾರುಗಳು ಬಹುಪಾಲು ಒಂದೇ ದಿಕ್ಕಿಗೆ ಮಲಗಿರುತ್ತವೆ. ಹಾಳೆಯನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಮೆಲ್ಲಗೆ ಬಗ್ಗಿಸಿ ನೋಡಿ. ಎತ್ತ ಕಡೆ ಹಟ ಮಾಡದೆ ಬಗ್ಗುತ್ತದೋ ಆ ಮಡಿಕೆಯ ಗುಂಟ ನಾರುಗಳಿವೆ ಎಂದು ಅರ್ಥ. ನಾರಿನ ಗುಂಟ ಮಡಚಿದರೆ ಅಂಚು ನುಣುಪಾಗಿ ಬರುತ್ತದೆ. ನಾರನ್ನು ಅಡ್ಡಕ್ಕೆ ಮುರಿದರೆ ಮಡಿಕೆಯ ಮೇಲೆ ಬಿರುಕು ಬಿಟ್ಟು, ಬಣ್ಣದ ಹಾಳೆಯಾದರೆ ಒಳಗಿನ ಬಿಳಿ ಇಣುಕುತ್ತದೆ.

ದಿಕ್ಕು ಸರಿಯಿದ್ದರೂ ದಪ್ಪ ಹಾಳೆಯನ್ನು ನೇರವಾಗಿ ಮಡಚಬಾರದು. ಮೊದಲು ಸ್ಕೇಲು ಇಟ್ಟು, ಮೊನೆ ಮೊಂಡಾದ ಉಪಕರಣದಿಂದ ಗೆರೆ ಒತ್ತಬೇಕು. ಇದಕ್ಕೆಂದೇ ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ಪಟ್ಟಿ ಸಿಗುತ್ತದೆ. ಶಾಯಿ ಮುಗಿದ ಬಾಲ್‌ಪೆನ್ನೂ ಅಷ್ಟೇ ಚೆನ್ನಾಗಿ ಕೆಲಸ ಮಾಡುತ್ತದೆ. ಗೆರೆ ಒತ್ತಿದ ಕಡೆ ತಗ್ಗು, ಹಿಂಬದಿಯಲ್ಲಿ ಸಣ್ಣ ಉಬ್ಬು ಮೂಡುತ್ತದೆ. ತಗ್ಗಿನ ಒಳಕ್ಕೇ ಮಡಚಲು ಕೈ ತಾನಾಗಿ ಹೋಗುತ್ತದೆ. ಆದರೆ ಉಬ್ಬು ಮಡಿಕೆಯ ಒಳಗೆ ಬರುವಂತೆ, ತಗ್ಗು ಹೊರಗೆ ಉಳಿಯುವಂತೆ ಮಡಚುವುದು ಸರಿಯಾದ ಕ್ರಮ. ಹೊರಮೈಯ ನಾರು ಆಗ ಕಡಿಮೆ ಎಳೆದಾಡುತ್ತದೆ, ಅಂಚು ಒಡೆಯುವುದಿಲ್ಲ.

ಚಿತ್ತಾರಗಳ ನಡುವೆ ಹೊಂದಾಣಿಕೆ

ಹೊಸಬರು ಚಿತ್ತಾರದ ಕಾಗದಗಳನ್ನು ಕಂಡು ಎಲ್ಲವನ್ನೂ ಒಂದೇ ಕಾರ್ಡಿಗೆ ಹಾಕಲು ಬಯಸುತ್ತಾರೆ. ಪಳಗಿದವರು ಕಣ್ಣಿನಲ್ಲಿ ಮೊದಲು ಮೂರು ಗುಂಪು ಮಾಡಿಕೊಳ್ಳುತ್ತಾರೆ: ಅಂಗೈಯಗಲದ ಹೂವಿರುವ ದೊಡ್ಡ ಚಿತ್ತಾರ, ಚಿಕ್ಕ ಎಲೆ ಅಥವಾ ಚುಕ್ಕಿಯ ಸಣ್ಣ ಚಿತ್ತಾರ, ದೂರದಿಂದ ಒಂದೇ ಬಣ್ಣವಾಗಿ ಕಾಣುವ ಗೆರೆ ಅಥವಾ ಚೌಕಳಿ. ಗುಂಪಿಗೆ ಒಂದರಂತೆ ಆರಿಸಿದರೆ ಕಾಗದಗಳು ಜಗಳವಾಡುವುದಿಲ್ಲ. ಎರಡು ದೊಡ್ಡ ಹೂವುಗಳನ್ನು ಅಕ್ಕಪಕ್ಕ ಇಟ್ಟರೆ ಎರಡೂ ಸೋಲುತ್ತವೆ. ಮೂರರಲ್ಲೂ ಒಂದು ಬಣ್ಣ ಸಾಮಾನ್ಯವಾಗಿರಲಿ. ದೊಡ್ಡ ಹೂವಿನ ನಡುವಿನ ಕೇಸರಿಯನ್ನೇ ಗೆರೆಯ ಕಾಗದದಲ್ಲಿ ಹುಡುಕಿಕೊಂಡರೆ ಕಾರ್ಡು ಒಂದಾಗುತ್ತದೆ. ಚಿತ್ತಾರಕ್ಕೆ ತಲೆ ಬುಡ ಇದೆಯೇ ಎಂದು ಕತ್ತರಿಸುವ ಮುಂಚೆಯೇ ನೋಡಬೇಕು. ಇಲ್ಲವಾದರೆ ಹಕ್ಕಿಗಳು ತಲೆಕೆಳಗಾಗಿ ಹಾರುತ್ತವೆ.

ನಿವೃತ್ತರಾದ ಮೇಷ್ಟರೊಬ್ಬರಿಗೆ ಕಳಿಸುವ ಧನ್ಯವಾದದ ಕಾರ್ಡನ್ನೇ ಎತ್ತಿಕೊಳ್ಳೋಣ. ಅವರು ಮಿತಭಾಷಿ, ಗಿಡಮರ ಪ್ರೀತಿಸುವವರು ಎಂದಿಟ್ಟುಕೊಳ್ಳಿ. ಬುಡ ಬಿಳಿ. ಅದರ ಮೇಲೆ ತಿಳಿ ಹಸಿರಿನ ಸಣ್ಣ ಎಲೆಗಳ ಕಾಗದ, 142ಕ್ಕೆ 99 ಮಿ.ಮೀ. ಕತ್ತರಿಸಿದ್ದು. ಸುತ್ತಲೂ ಬರಿಯ 3 ಮಿ.ಮೀ. ಬಿಳಿ ಅಂಚು ಉಳಿಯುತ್ತದೆ. ಈ ಅಂಚು ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಕಣ್ಣು ಕಂಡುಹಿಡಿಯುತ್ತದೆ. ಆದ್ದರಿಂದ ಅಂಟಿಸುವ ಮುಂಚೆ ಒಣದಾಗಿಯೇ ಇಟ್ಟು, ಎಡ ಬಲ ಮೇಲೆ ಕೆಳಗೆ ನಾಲ್ಕೂ ಕಡೆ ನೋಡುತ್ತಾರೆ. ಕೆಳಗಿನ ಮೂರನೇ ಒಂದು ಭಾಗದಲ್ಲಿ ಮಣ್ಣಿನ ಬಣ್ಣದ ಗೆರೆ ಕಾಗದದ ಪಟ್ಟಿ. ಎಲೆ ಕಾಗದವೂ ಗೆರೆ ಕಾಗದವೂ ಕೂಡುವ ಕಡೆ ಬಿಳಿ ದಾರದ ಎರಡು ಸುತ್ತು, ಏಕೆಂದರೆ ಎರಡು ಚಿತ್ತಾರಗಳ ಗಡಿಯನ್ನು ಹಾಗೇ ಬಿಟ್ಟರೆ ಒರಟಾಗಿ ಕಾಣುತ್ತದೆ. ಇವೆಲ್ಲದರ ಮೇಲೆ ಖಾಲಿ ಬಿಳಿ ಹಾಳೆಯ ಒಂದು ಚೌಕ. ಸ್ಟ್ಯಾಂಪು ಬೀಳುವುದು ಇದರ ಮೇಲೆ. ಚಿತ್ತಾರದ ನಡುವೆ ಕಣ್ಣಿಗೆ ವಿಶ್ರಾಂತಿ ಕೊಡುವ ಜಾಗವೂ ಇದೇ.

ಕಾಗದಕ್ಕಾಗಿ ವಿದೇಶಿ ಕಟ್ಟುಗಳನ್ನೇ ಕಾಯಬೇಕಿಲ್ಲ. ಜೈಪುರದ ಪಕ್ಕದ ಸಾಂಗಾನೇರ್‌ನಲ್ಲಿ ಕಾಗ್ಜಿ ಮನೆತನಗಳವರು ಹತ್ತಿ ಬಟ್ಟೆಯ ಚೂರುಗಳಿಂದ ಕೈಕಾಗದ ತಯಾರಿಸುತ್ತಾರೆ. ಅಲ್ಲಿಂದ ಬರುವ ಹೂಬಳ್ಳಿ ಮುದ್ರಿತ ಹಾಳೆಗಳು ನಮ್ಮ ಕರಕುಶಲ ಮಳಿಗೆಗಳಲ್ಲೂ ಸಿಗುತ್ತವೆ. ಪುದುಚೇರಿಯ ಅರವಿಂದಾಶ್ರಮದ ಕೈಕಾಗದವೂ ಹೆಸರುವಾಸಿ. ಬೆಂಗಳೂರಿನ ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆಯ ಅಂಗಡಿಗಳ ಸಾಲಿನಲ್ಲೇ ಬಗೆಬಗೆಯ ದಪ್ಪ ಹಾಳೆಗಳಿವೆ. ಮನೆಯಲ್ಲಿ ಕೂಡಿಟ್ಟ ಹಳೆಯ ಲಗ್ನಪತ್ರಿಕೆಗಳ ಬಂಗಾರದ ಅಂಚೂ ಸೊಗಸಾದ ಸಾಮಗ್ರಿಯೇ. ಒಂದು ಎಚ್ಚರ: ಕೈಕಾಗದದ ಮೈ ತರಿತರಿ. ಅದರ ಮೇಲೆ ಸ್ಟ್ಯಾಂಪು ಒತ್ತಿದರೆ ಗೆರೆ ತುಂಡುತುಂಡಾಗುತ್ತದೆ. ಅದನ್ನು ಹಿನ್ನೆಲೆಗೆ ಬಳಸಿ, ಅಚ್ಚು ಮಾತ್ರ ನುಣುಪಾದ ಹಾಳೆಯ ಮೇಲೆ ಬೀಳಲಿ.

ಅಚ್ಚು ಬೀಳುವ ಕ್ಷಣ

ಸ್ಟ್ಯಾಂಪುಗಳಲ್ಲಿ ಎರಡು ಜಾತಿ. ಕೆಂಪು ರಬ್ಬರಿನದು ಮರದ ಹಿಡಿಗೆ ಅಂಟಿಕೊಂಡು ಬರುತ್ತದೆ. ಗಟ್ಟಿಮುಟ್ಟು, ಸೂಕ್ಷ್ಮ ಗೆರೆಗಳನ್ನು ಚೆನ್ನಾಗಿ ಹಿಡಿಯುತ್ತದೆ. ಇನ್ನೊಂದು ಫೋಟೋಪಾಲಿಮರ್, ದ್ರವರೂಪದ ರಾಳವನ್ನು ಅತಿನೇರಳೆ ಬೆಳಕಿನಿಂದ ಗಟ್ಟಿ ಮಾಡಿ ತಯಾರಿಸಿದ ಪಾರದರ್ಶಕ ಸ್ಟ್ಯಾಂಪು. ಅದನ್ನು ಅಕ್ರಿಲಿಕ್ ತುಂಡಿಗೆ ಅಂಟಿಸಿ ಒತ್ತಿ, ಆಮೇಲೆ ಕಿತ್ತು ಇಡಬಹುದು. ಆರಪಾರ ಕಾಣುವುದರಿಂದ ಅಚ್ಚು ಎಲ್ಲಿ ಬೀಳುತ್ತದೆಂದು ಮೊದಲೇ ಗೊತ್ತಾಗುತ್ತದೆ. ಹೊಸದಾಗಿ ಬಂದಾಗ ಅದರ ಮೈ ಜಾರುವಂತಿದ್ದು ಶಾಯಿ ಮಣಿಮಣಿಯಾಗಿ ನಿಲ್ಲುತ್ತದೆ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿದರೆ ಶಾಯಿ ಹಿಡಿಯಲು ಶುರುವಾಗುತ್ತದೆ.

ಶಾಯಿಯಲ್ಲೂ ಭೇದವಿದೆ. ಡೈ ಇಂಕು ತೆಳು. ಕಾಗದದೊಳಕ್ಕೆ ಇಳಿದು ಬೇಗ ಒಣಗುತ್ತದೆ. ಪಿಗ್ಮೆಂಟ್ ಇಂಕು ಗಟ್ಟಿ; ಕಾಗದದ ಮೇಲೆಯೇ ಕೂತು ನಿಧಾನಕ್ಕೆ ಒಣಗುತ್ತದೆ, ಬಣ್ಣ ತುಂಬಿಕೊಂಡು ಕಾಣುತ್ತದೆ. ಕ್ಯಾಲೆಂಡರ್ ಹಾಳೆಯಂಥ ಹೊಳಪು ಕಾಗದದ ಮೇಲೆ ಇವೆರಡೂ ಮೆತ್ತಿಕೊಂಡು ಕೆಡುವ ಸಂಭವ ಹೆಚ್ಚು. ಅದಕ್ಕೆ ಬೇರೆಯದೇ ಸಾಲ್ವೆಂಟ್ ಶಾಯಿ ಇದೆ.

ಒತ್ತುವ ಕ್ರಮ ಹೀಗೆ. ದೊಡ್ಡ ಸ್ಟ್ಯಾಂಪನ್ನು ಪ್ಯಾಡಿಗೆ ಅದ್ದುವುದಿಲ್ಲ. ಸ್ಟ್ಯಾಂಪನ್ನು ಮುಖ ಮೇಲಾಗಿ ಮೇಜಿನ ಮೇಲಿಟ್ಟು, ಪ್ಯಾಡನ್ನೇ ಅದರ ಮೇಲೆ ತಟ್ಟುತ್ತಾರೆ. ಆಗ ಉಬ್ಬಿದ ಗೆರೆಗಳಿಗೆ ಮಾತ್ರ ಶಾಯಿ ಹತ್ತುತ್ತದೆ, ತಗ್ಗುಗಳು ಒಣದಾಗಿರುತ್ತವೆ. ಬೆಳಕಿಗೆ ಓರೆಯಾಗಿ ಹಿಡಿದು ಎಲ್ಲ ಕಡೆ ಒಂದೇ ಸಮನೆ ಮಿನುಗುತ್ತಿದೆಯೇ ಎಂದು ನೋಡಿ, ಕಾಗದದ ಮೇಲೆ ನೇರವಾಗಿ ಇಳಿಸುತ್ತಾರೆ. ಒಂದು ಕೈ ಹಿಡಿದಿರುತ್ತದೆ, ಇನ್ನೊಂದು ಕೈಯ ಬೆರಳುಗಳು ನಾಲ್ಕು ಮೂಲೆ ಮತ್ತು ನಡುವನ್ನು ಒತ್ತುತ್ತವೆ. ಅತ್ತಿತ್ತ ಅಲುಗಿಸಿದರೆ ಅಂಚಿನ ಶಾಯಿ ಸುತ್ತ ಮೆತ್ತಿಕೊಳ್ಳುತ್ತದೆ. ಎತ್ತುವುದೂ ನೇರವಾಗಿಯೇ, ಒಂದೇ ಸಲಕ್ಕೆ. ಮೇಷ್ಟರ ಕಾರ್ಡಿಗೆ ಬೇವಿನ ಎಸಳಿನ ಸ್ಟ್ಯಾಂಪು ಇದೆ ಅನ್ನಿ. ಹಸಿರು ಶಾಯಿ ಹಚ್ಚಿ ಬಿಳಿ ಚೌಕದ ಮೇಲೆ ಒಮ್ಮೆ ಒತ್ತಿ, ಮತ್ತೆ ಶಾಯಿ ಹಚ್ಚದೆ ಪಕ್ಕದಲ್ಲಿ ಇನ್ನೊಮ್ಮೆ ಒತ್ತಿದರೆ ಎರಡನೆಯದು ಮಸುಕಾಗಿ ಬೀಳುತ್ತದೆ. ಮೂರನೆಯದು ಇನ್ನೂ ಮಸುಕು. ಒಂದೇ ಸ್ಟ್ಯಾಂಪು, ಒಂದೇ ಶಾಯಿ. ಆದರೆ ಹತ್ತಿರದ ಎಸಳು, ದೂರದ ಎಸಳು ಎಂದು ಕಣ್ಣು ತಾನೇ ಆಳವನ್ನು ಓದಿಕೊಳ್ಳುತ್ತದೆ.

ಒಂದರ ಹಿಂದೆ ಇನ್ನೊಂದು ಇರುವಂತೆ ತೋರಿಸಲು ಬೇರೊಂದು ದಾರಿ ಇದೆ. ಮೊದಲ ಎಸಳನ್ನು ತೆಳು ಅಂಟುಚೀಟಿಯ ಮೇಲೂ ಒತ್ತಿ, ಅದರ ಆಕಾರಕ್ಕೇ ಕತ್ತರಿಸಿ, ಕಾರ್ಡಿನ ಮೇಲಿನ ಎಸಳನ್ನು ಆ ಚೀಟಿಯಿಂದ ಮುಚ್ಚುತ್ತಾರೆ. ಅದರ ಮೇಲೆಯೇ ಹಾಯುವಂತೆ ಎರಡನೆಯ ಚಿತ್ರ ಒತ್ತಿ, ಚೀಟಿ ಕಿತ್ತರೆ ಎರಡನೆಯದು ಹಿಂದಕ್ಕೆ ಸರಿದು ನಿಂತಿರುತ್ತದೆ.

ಅಕ್ಷರಗಳು ಉಬ್ಬಿ ಹೊಳೆಯಬೇಕೆಂದರೆ ಎಂಬಾಸಿಂಗ್ ಪೌಡರ್ ಬಳಸುತ್ತಾರೆ. ನಿಧಾನಕ್ಕೆ ಒಣಗುವ ಶಾಯಿಯಲ್ಲಿ ಅಚ್ಚು ಒತ್ತಿ, ಹಸಿ ಇರುವಾಗಲೇ ಈ ನುಣುಪು ಪುಡಿಯನ್ನು ಸುರಿದು, ಹೆಚ್ಚಿನದನ್ನು ಬೇರೆ ಹಾಳೆಯ ಮೇಲೆ ಕೊಡವಿ ಡಬ್ಬಿಗೆ ವಾಪಸು ತುಂಬುತ್ತಾರೆ. ಆಮೇಲೆ ಹೀಟ್ ಗನ್ನಿನ ಬಿಸಿ ಗಾಳಿ. ಒಂದೆರಡು ಗಳಿಗೆ ಏನೂ ಆಗುವುದಿಲ್ಲ. ಆಮೇಲೆ ಒಂದು ತುದಿಯಿಂದ ಪುಡಿ ಕರಗಿ, ಒರಟು ಮೈ ಕನ್ನಡಿಯಾಗುತ್ತ ಅಕ್ಷರದ ಉದ್ದಕ್ಕೂ ಹರಿಯುತ್ತದೆ. ಎಷ್ಟು ಸಲ ನೋಡಿದರೂ ಇದು ಹಳತಾಗುವುದಿಲ್ಲ. ಕೂದಲು ಒಣಗಿಸುವ ಡ್ರೈಯರ್ ಇದಕ್ಕೆ ಆಗದು. ಅದರ ಬಿಸಿ ಸಾಲದು, ಗಾಳಿ ಪುಡಿಯನ್ನೇ ಹಾರಿಸುತ್ತದೆ.

ಕನ್ನಡದಲ್ಲಿ ಹರಸುವುದು

ಅಂಗಡಿಯ ಸ್ಟ್ಯಾಂಪುಗಳಲ್ಲಿ ಇಂಗ್ಲಿಷ್ ಒಕ್ಕಣೆಗೆ ಬರವಿಲ್ಲ. ಕನ್ನಡದ್ದು ಬೇಕೆಂದರೆ ನಾವೇ ಮಾಡಿಸಿಕೊಳ್ಳುವುದು ಲೇಸು. ಕಚೇರಿಗಳಿಗೆ ಸೀಲು ಮಾಡಿಕೊಡುವ ರಬ್ಬರ್ ಸ್ಟ್ಯಾಂಪಿನ ಅಂಗಡಿಗಳು ಪ್ರತಿ ಊರಿನಲ್ಲೂ ಇವೆ. ಒಳ್ಳೆಯ ಕೈಬರಹದಲ್ಲಿ ಬರೆದ ಸಾಲನ್ನು ಕೊಟ್ಟರೆ ಅದನ್ನೇ ಸ್ಟ್ಯಾಂಪು ಮಾಡಿಕೊಡುತ್ತಾರೆ. ಆದರೆ ನಮ್ಮ ಲಿಪಿಯ ಗುಣ ತಿಳಿದು ಮಾಡಿಸಬೇಕು. ಕನ್ನಡದ ಅಕ್ಷರ ದುಂಡು. ಒಳಗೆ ಪುಟ್ಟ ಪುಟ್ಟ ಬಯಲುಗಳಿವೆ. ಅಕ್ಷರ ಚಿಕ್ಕದಾದರೆ ಆ ಬಯಲುಗಳಿಗೆ ಶಾಯಿ ನುಗ್ಗುತ್ತದೆ. ‘ಧನ್ಯವಾದ’ವನ್ನೇ ನೋಡಿ. ಹೊಟ್ಟೆ ಸೀಳಿದ ಧಕಾರದ ಆ ಸಣ್ಣ ಸೀಳು ಶಾಯಿಯಲ್ಲಿ ಮುಚ್ಚಿಹೋದರೆ ಅದು ದಕಾರವಾಗಿ, ಮೇಷ್ಟರ ಕೈಗೆ ಕಾಗುಣಿತದ ತಪ್ಪು ಹೋಗುತ್ತದೆ. ನಕಾರದ ಕೆಳಗಿನ ಯ ಒತ್ತಿಗೂ ಜಾಗ ಬೇಕು. ಹಾಗಾಗಿ ಇಂಗ್ಲಿಷ್ ಸಾಲಿಗಿಂತ ಕನ್ನಡದ ಸಾಲಿಗೆ ಹೆಚ್ಚು ಎತ್ತರ ಬಿಡಬೇಕು, ಗೆರೆ ತೆಳುವಾಗಿರಬೇಕು, ಹಸಿ ಶಾಯಿಯ ಪ್ಯಾಡಿನ ಮೇಲೆ ಹಗುರ ಕೈ ಇರಬೇಕು. ಇಷ್ಟು ಗಮನ ಕೊಟ್ಟು ಒತ್ತಿದ ಕನ್ನಡದ ಸಾಲು ಬಿಳಿ ಹಾಳೆಯ ಮೇಲೆ ಬಹಳ ಚೆಲುವಾಗಿ ಕಾಣುತ್ತದೆ.

ಸ್ಟ್ಯಾಂಪನ್ನು ಮನೆಯಲ್ಲೇ ಕೆತ್ತಬಹುದು. ಪೆನ್ಸಿಲ್ ರಬ್ಬರಿನ ಮೇಲೆ ಚಿತ್ರ ಬರೆದು, ಬೇಡದ ಭಾಗವನ್ನು ಬ್ಲೇಡಿನಿಂದ ತೆಗೆದರಾಯಿತು. ಅಚ್ಚು ತಿರುಗುಮುರುಗಾಗಿ ಬೀಳುವುದರಿಂದ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ಕೆತ್ತಬೇಕು. ಮಕ್ಕಳಿಗಂತೂ ಅಡ್ಡ ಕೊಯ್ದ ಬೆಂಡೆಕಾಯಿಯೇ ಸಾಕು. ಅದರ ಮೂಲೆಮೂಲೆಯ ಹೂವನ್ನು ಯಾರೂ ಕೆತ್ತಬೇಕಾಗಿಲ್ಲ.

ಅಂಟಿಸುವುದು, ಅಂಚೆಗೆ ಹಾಕುವುದು

ನೀರಿನಂಶವಿರುವ ಗೋಂದು ತೆಳು ಕಾಗದವನ್ನು ಹಿಗ್ಗಿಸಿ ಸುಕ್ಕುಗಟ್ಟಿಸುತ್ತದೆ. ಚಪ್ಪಟೆ ಪದರಗಳಿಗೆ ಎರಡು ಬದಿ ಅಂಟುವ ಟೇಪು ವಾಸಿ. ಬೇವಿನ ಎಸಳಿನ ಬಿಳಿ ಚೌಕದ ಹಿಂದೆ ಫೋಮ್ ಟೇಪಿನ ನಾಲ್ಕು ತುಂಡು ಇಟ್ಟರೆ ಅದು ಒಂದೆರಡು ಮಿಲಿಮೀಟರ್ ಮೇಲೆದ್ದು ಸುತ್ತ ನೆರಳು ಬೀಳುತ್ತದೆ. ಹೌಲ್ಯಾಂಡ್ ಮಡಚಿದ ಕಾಗದದ ಪಟ್ಟಿಗಳಿಂದ ಮಾಡಿದ್ದೂ ಇದನ್ನೇ.

ಅಂಚೆಯ ಲೆಕ್ಕವನ್ನೂ ಮರೆಯಬಾರದು. ಎ4 ಹಾಳೆ ಚದರ ಮೀಟರಿನ ಹದಿನಾರನೇ ಒಂದು ಪಾಲು. ಅದರ ಅರ್ಧದಿಂದ ಮಾಡಿದ 250 ಜಿಎಸ್‌ಎಂ ಬುಡ 8 ಗ್ರಾಮಿಗೂ ಕಡಿಮೆ ತೂಗುತ್ತದೆ. ಎರಡು ಮೂರು ಪದರ ಕಾಗದ, ಕವರು ಎಲ್ಲ ಸೇರಿದರೂ ನಮ್ಮ ಅಂಚೆಯ ಕಾಗದದ ಮೊದಲ ಮಿತಿಯಾದ 20 ಗ್ರಾಮಿನೊಳಗೆ ಇರಿಸಬಹುದು. ಗುಂಡಿ, ಮಣಿ, ದಪ್ಪ ಗಂಟು ಇಟ್ಟರೆ ತೂಕವೂ ಏರುತ್ತದೆ, ದಾರಿಯಲ್ಲಿ ಕವರೂ ಹರಿಯುತ್ತದೆ. ಅಂಥವನ್ನು ಕೈಯಾರೆ ಕೊಡುವ ಕಾರ್ಡಿಗೆ ಮೀಸಲಿಡಿ.

ಒಳಪುಟವನ್ನು ಖಾಲಿ ಬಿಟ್ಟು ಕೊಡುವವರಿದ್ದಾರೆ. ಹಾಗೆ ಮಾಡಬೇಡಿ. ಹೊರಗೆ ಧನ್ಯವಾದ ಎಂದು ಅಚ್ಚಾಗಿದೆ. ಯಾವುದಕ್ಕೆ ಎಂಬುದನ್ನು ಒಳಗೆ ಪೆನ್ನಿನಿಂದ ಬರೆಯಬೇಕು. ಮೇಷ್ಟರು ಸಂಜೆ ಶಾಲೆ ಬಿಟ್ಟ ಮೇಲೆ ಕೂರಿಸಿಕೊಂಡು ಬೀಜಗಣಿತ ಹೇಳಿಕೊಟ್ಟಿದ್ದರೆ ಅದನ್ನೇ ಬರೆಯಿರಿ. ಎರಡು ಸಾಲು ಸಾಕು.

ಕಲಿಯಬೇಕೆನ್ನುವವರಿಗೆ ಬೇಕಾದದ್ದು ಸ್ವಲ್ಪವೇ: ಬಿಳಿಯ ದಪ್ಪ ಹಾಳೆ, ಹೊಂದುವ ಮೂರು ಚಿತ್ತಾರದ ಕಾಗದ, ಒಂದು ಎಲೆಯ ಸ್ಟ್ಯಾಂಪು, ಒಂದು ಕನ್ನಡದ ಸಾಲು, ಕಪ್ಪು ಅಥವಾ ಕಡು ಹಸಿರಿನ ಒಂದು ಪ್ಯಾಡು, ಉಕ್ಕಿನ ಸ್ಕೇಲು, ಹರಿತವಾದ ಕಟರ್, ಟೇಪು. ಇವುಗಳಿಂದಲೇ ಬಹಳ ದಿನ ಹೊಸ ಹೊಸ ಕಾರ್ಡು ಮಾಡಬಹುದು. ಸಾಮಗ್ರಿ ಹೆಚ್ಚಿಸುವ ಮೊದಲು ಅಂಚು ನೇರವಾಗಿ ಕತ್ತರಿಸುವುದನ್ನೂ ಅಚ್ಚು ಸ್ವಚ್ಛವಾಗಿ ಎತ್ತುವುದನ್ನೂ ರೂಢಿ ಮಾಡಿಕೊಳ್ಳಿ. ಕಾಗದ ಹರಡಿಕೊಂಡು ಕೂರುವ ಮುಂಚೆ ಮಾತ್ರ ಒಂದು ಕೆಲಸವಿದೆ. ಹತ್ತಿರದಲ್ಲಿ ಯಾರ ಹುಟ್ಟುಹಬ್ಬ, ಯಾರ ಗೃಹಪ್ರವೇಶ, ಯಾರ ನಿವೃತ್ತಿ ಇದೆಯೆಂದು ನೋಡಿ, ಆ ಒಬ್ಬರ ಹೆಸರನ್ನೂ ವಿಳಾಸವನ್ನೂ ಕವರಿನ ಮೇಲೆ ಮೊದಲು ಬರೆದಿಡಿ. ಯಾವ ಕಾಗದ, ಯಾವ ಬಣ್ಣ, ಎಷ್ಟು ದೊಡ್ಡ ಅಕ್ಷರ ಎಂಬ ಪ್ರಶ್ನೆಗಳಿಗೆ ಆಮೇಲೆ ಉತ್ತರ ಸಲೀಸಾಗಿ ಸಿಗುತ್ತದೆ.